ಹುಡುಗ ತಳ್ಳಿದ ಗಾಡಿ: ಒಂದು ಮಗು ವಾಕ್ಯದಲ್ಲಿ ಎಲ್ಲಿ ನಿಂತಿತು

"ನಿನ್ನೆ ಹೋಮ್‌ವರ್ಕ್ ಮಾಡದೆ ಬಂದವರ ಹೆಸರು ಬರೆದುಕೊಂಡ ಹುಡುಗಿ ಎದ್ದು ನಿಂತ್ಕೊಳ್ಳಮ್ಮ."

ಮೈಸೂರಿನ ಒಂದು ಕನ್ನಡ ಮಾಧ್ಯಮದ ಶಾಲೆ, ಮೂರನೇ ಕ್ಲಾಸು. ಟೀಚರ್ ಇಷ್ಟು ಹೇಳಿದ ತಕ್ಷಣ ಹೆಸರು ಬರೆದುಕೊಂಡಿದ್ದ ಲೀಡರ್ ಹುಡುಗಿ ಎದ್ದಳು. ಸ್ವಲ್ಪ ತಡವಾಗಿ ಕಿಟಕಿ ಪಕ್ಕದಲ್ಲಿ ಇನ್ನೊಬ್ಬಳೂ ಎದ್ದಳು. ಹೋಮ್‌ವರ್ಕ್ ಮಾಡದೆ ಬಂದಿದ್ದವಳು ಅವಳು. ಕ್ಲಾಸೆಲ್ಲ ನಕ್ಕಿತು. ಅವಳು ಯಾಕೆ ನಗ್ತಿದ್ದಾರೆ ಅಂತ ಗೊತ್ತಾಗದೆ ನಿಂತೇ ಇದ್ದಳು.

ಇದು ಮೊದಲ ಸಲ ಅಲ್ಲ. ಹೀಗೇ ಐದಾರು ಸಲ ಆದ ಮೇಲೆ ಟೀಚರ್ ಅವಳ ಅಮ್ಮನನ್ನು ಕರೆಸಿ "ಮಗೂಗೆ ಹೇಳಿದ್ದು ಅರ್ಥ ಆಗ್ತಿಲ್ಲ, ಎಲ್ಲಾದರೂ ತೋರಿಸಿ" ಅಂದರು. ಹಾಗೆ ಆ ಮಗು ನನ್ನ ಹತ್ತಿರ ಬಂತು. ನಾನು ಮಕ್ಕಳ ಮಾತು ಮತ್ತು ಭಾಷೆಯ ತೊಂದರೆ ನೋಡುವವಳು. ಮಗುವಿನ ಹೆಸರು ಇಲ್ಲಿ ಬೇಡ. ಕಿಟಕಿ ಪಕ್ಕದ ಹುಡುಗಿ ಅಂತಲೇ ಕರೆಯುತ್ತೇನೆ.

ವಯಸ್ಸು 8. ಮನೆ ಉದಯಗಿರಿ ಕಡೆ. ಅಮ್ಮ ಮನೆಯಲ್ಲೇ ಊದುಬತ್ತಿ ಹೊಸೆಯುತ್ತಾರೆ, ಅಪ್ಪ ಗೂಡ್ಸ್ ಆಟೋ ಓಡಿಸುತ್ತಾರೆ. ಮನೆಮಾತು ದಖ್ಖನಿ, ಅಂದರೆ ನಮ್ಮ ಮೈಸೂರು ಕಡೆಯ ಮುಸ್ಲಿಂ ಮನೆಗಳಲ್ಲಿ ಆಡುವ ಉರ್ದು. ಒಂದನೇ ಕ್ಲಾಸಿಗೆ ಸೇರುವವರೆಗೂ ಕನ್ನಡ ಅವಳಿಗೆ ಬೀದಿಯ ಭಾಷೆ ಮಾತ್ರ. ಅಂಗಡಿಯಲ್ಲಿ, ಬಸ್ಸಿನಲ್ಲಿ ಕಿವಿಗೆ ಬೀಳುತ್ತಿದ್ದ ಭಾಷೆ. ಓದು ಬರಹದ ಕನ್ನಡಕ್ಕೆ ಮೂರು ವರ್ಷ ಕೂಡ ತುಂಬಿರಲಿಲ್ಲ.

ಮೊದಲ ದಿನ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಮೇಡಮ್, ಮನೇಲಿ ನಮ್ಮ ಭಾಷೆ ಬಿಟ್ಟುಬಿಡಿ, ಬರೀ ಕನ್ನಡ ಮಾತಾಡಿ ಅಂತ ಒಬ್ಬರು ಹೇಳಿದ್ರು. ಬಿಡಬೇಕಾ?" ಬಿಡಬೇಡಿ ಅಂತ ನಾನು ಆಗಲೇ ಹೇಳಿದೆ. ಕಾರಣ ಆಮೇಲೆ ಬರುತ್ತದೆ.

ಮೊದಲು ಕಿವಿ. ಇದನ್ನು ನಾನು ಯಾವ ಮಗುವಿಗೂ ತಪ್ಪಿಸುವುದಿಲ್ಲ. ಕಿವಿಯೊಳಗೆ ನೀರು ತುಂಬಿಕೊಂಡ ಮಗು ಮಾತಿನ ತುದಿಗಳನ್ನು ಕಳೆದುಕೊಳ್ಳುತ್ತದೆ. ಕನ್ನಡದಲ್ಲಿ ಪದದ ತುದಿ ಹೋದರೆ ಅರ್ಥವೇ ಹೋಗುತ್ತದೆ. 1965ರಿಂದ ವಾಕ್ ಶ್ರವಣ ಸಂಸ್ಥೆ ಇರುವ ಊರು ನಮ್ಮದು. ಕಿವಿ ಪರೀಕ್ಷೆ ಮಾಡಿಸಲು ಬೇರೆ ಊರಿಗೆ ಅಲೆಯಬೇಕಿಲ್ಲ. ಅವಳ ಎರಡೂ ಕಿವಿ ಚೆನ್ನಾಗಿದ್ದವು.

ಆಮೇಲೆ ಚಿತ್ರ. ಒಂದು ಹಾಳೆಯಲ್ಲಿ ನಾಲ್ಕು ಚಿತ್ರ ಇರುತ್ತವೆ. ನಾನು ಒಂದು ವಾಕ್ಯ ಹೇಳುತ್ತೇನೆ, ಮಗು ಸರಿಯಾದ ಚಿತ್ರ ತೋರಿಸಬೇಕು. "ಹುಡುಗಿ ಬಾಳೆಹಣ್ಣು ತಿಂತಿದಾಳೆ" ಅನ್ನುವಂಥವನ್ನು ಪಟಪಟ ತೋರಿಸಿದಳು. "ಹುಡುಗಿಯನ್ನ ತಳ್ಳಿದ ಹುಡುಗ ಎಲ್ಲಿ?" ಅಂದಾಗಲೂ ಹೆಚ್ಚು ಸಲ ಸರಿ. "ಹುಡುಗಿ ತಳ್ಳಿದ ಹುಡುಗ ಎಲ್ಲಿ?" ಅಂದರೆ ತಪ್ಪು. ಹುಡುಗನೇ ತಳ್ಳುತ್ತಿರುವ ಚಿತ್ರದ ಮೇಲೆ ಬೆರಳಿಟ್ಟಳು. ಮತ್ತೆ ಕೇಳಿದೆ, ಮತ್ತೆ ಅಲ್ಲೇ ಬೆರಳು.

ಇಷ್ಟಕ್ಕೇ ನಿಲ್ಲಿಸಿ ವರದಿ ಬರೆದುಬಿಡಬಹುದಿತ್ತು. "ಕ್ಲಿಷ್ಟ ವಾಕ್ಯಗಳ ಗ್ರಹಿಕೆಯಲ್ಲಿ ಹಿಂದುಳಿದಿದ್ದಾಳೆ." ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಹಾಗೆ ಬರೆದದ್ದುಂಟು. ಅದರಲ್ಲಿ ಕೆಲವು ಮಕ್ಕಳ ಮುಖ ಇವತ್ತಿಗೂ ನೆನಪಿದೆ. ಬೆರಳು ತೋರಿಸುವುದು ವಾಕ್ಯ ಮುಗಿದ ಮೇಲೆ. ಅಷ್ಟರಲ್ಲಿ ಮಗುವಿನ ತಲೆಯೊಳಗೆ ಏನೇನೋ ಆಗಿಹೋಗಿರುತ್ತದೆ. ಮಗು ವಾಕ್ಯವನ್ನು ಸರಿಯಾಗಿಯೇ ಕಟ್ಟಿ, ಕೊನೆಯಲ್ಲಿ ಮರೆತಿರಬಹುದು. ಮೊದಲಿನಿಂದಲೇ ತಪ್ಪು ದಾರಿ ಹಿಡಿದಿರಬಹುದು. ಅಥವಾ ಸುಮ್ನೆ ಊಹೆ ಮಾಡಿರಬಹುದು. ಬೆರಳು ಮಾತ್ರ ಮೂರಕ್ಕೂ ಒಂದೇ ಥರ ಕಾಣುತ್ತದೆ.

ಮಾತು ಕಿವಿಗೆ ಬೀಳುತ್ತಿರುವಾಗಲೇ ಅರ್ಥ ಹೇಗೆ ಕಟ್ಟಿಕೊಳ್ಳುತ್ತದೆ ಅಂತ ನೋಡುವ ದಾರಿಗಳಿವೆ. ಒಂದು, ಕಣ್ಣು ಎತ್ತ ಹೋಗುತ್ತದೆ ಅಂತ ನೋಡುವುದು. 1995ರಲ್ಲಿ ಅಮೆರಿಕದ ಮೈಕೆಲ್ ಟ್ಯಾನೆನ್‌ಹೌಸ್ ಮತ್ತು ಸಂಗಡಿಗರು, ಜನ ಮಾತು ಮುಗಿಯುವವರೆಗೂ ಕಾಯುವುದಿಲ್ಲ, ಪದ ಪದಕ್ಕೂ ಕಣ್ಣು ಓಡುತ್ತದೆ ಅಂತ ತೋರಿಸಿದರು. 1999ರಲ್ಲಿ ಜಾನ್ ಟ್ರೂಸ್‌ವೆಲ್ ಮತ್ತು ಅವರ ಜೊತೆಗಾರರು ಇದನ್ನೇ ಐದು ವರ್ಷದ ಮಕ್ಕಳ ಮೇಲೆ ನೋಡಿದರು. ಕರವಸ್ತ್ರದ ಮೇಲಿರುವ ಕಪ್ಪೆಯನ್ನು ಡಬ್ಬಿಗೆ ಹಾಕು ಅನ್ನುವ ಮಾತು. ಇಂಗ್ಲಿಷಿನಲ್ಲಿ "ಹಾಕು" ಮೊದಲು ಬರುತ್ತದೆ, ಆಮೇಲೆ ಕಪ್ಪೆ, ಆಮೇಲೆ "ಕರವಸ್ತ್ರದ ಮೇಲೆ", ಡಬ್ಬಿ ಕೊನೆಗೆ. ಹಾಗಾಗಿ ಅರ್ಧ ಕೇಳುವಾಗಲೇ ಕಪ್ಪೆಯನ್ನು ಕರವಸ್ತ್ರದ ಮೇಲೆ ಹಾಕಬೇಕು ಅನಿಸುತ್ತದೆ. ದೊಡ್ಡವರು ಡಬ್ಬಿ ಅಂತ ಕೇಳಿದ ಕೂಡಲೇ ತಿದ್ದಿಕೊಂಡರು. ಹೆಚ್ಚಿನ ಮಕ್ಕಳು ತಿದ್ದಿಕೊಳ್ಳಲಿಲ್ಲ. ಅವರು ಒಂದೇ ಭಾಷೆಯ ಮಕ್ಕಳು, ಯಾವ ತೊಂದರೆಯೂ ಇಲ್ಲದವರು. ಒಮ್ಮೆ ಹಿಡಿದ ದಾರಿಯಿಂದ ವಾಪಸ್ ಬರುವುದು ಎಳೆ ವಯಸ್ಸಿಗೆ ಕಷ್ಟ, ಅಷ್ಟೇ.

ಆ ಗುಂಡಿಗೆ ಕನ್ನಡದ ಮಗು ಬೀಳುವುದಿಲ್ಲ. ನಮ್ಮಲ್ಲಿ "ಕರವಸ್ತ್ರದ ಮೇಲಿರೋ ಕಪ್ಪೆಯನ್ನ" ಅಂತ ಮೊದಲೇ ಗಂಟು ಹಾಕಿ ಕೊಡುತ್ತೇವೆ, "ಹಾಕು" ಕೊನೆಗೆ ಬರುತ್ತದೆ. ಆದರೆ ಕನ್ನಡದ ಗುಂಡಿಗಳೇ ಬೇರೆ ಇವೆ. ಅದರಲ್ಲಿ ಒಂದು ನನಗೆ ತುಂಬಾ ಇಷ್ಟ.

"ಹುಡುಗ ತಳ್ಳಿದ..." ಇಲ್ಲಿಗೆ ನಿಲ್ಲಿಸಿ. ಮಾತು ಮುಗಿಯಿತು ಅನಿಸುತ್ತದೆ, ಅಲ್ವಾ? ಆಡುಮಾತಿನಲ್ಲಿ ತಳ್ಳಿದನು ಅನ್ನುವುದು ತಳ್ಳಿದ ಅಂತಲೇ ಇರುತ್ತದೆ. ಈಗ ಮುಂದಿನ ಪದ ಸೇರಿಸಿ: "ಹುಡುಗ ತಳ್ಳಿದ ಗಾಡಿ ಮರಕ್ಕೆ ಗುದ್ದಿತು." ಮುಗಿಯಿತು ಅಂದುಕೊಂಡ ಮಾತನ್ನು ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಇದೇ ವಾಕ್ಯವನ್ನು ಹುಡುಗಿ ಅಂತ ಶುರುಮಾಡಿ. "ಹುಡುಗಿ ತಳ್ಳಿದ..." ಇಲ್ಲಿ ಮೋಸ ಇಲ್ಲ. ಹುಡುಗಿ ತಳ್ಳಿದಳು ಆಗಬೇಕಿತ್ತು, ಆಗಿಲ್ಲ, ಹಾಗಾದರೆ ಇನ್ನೂ ಏನೋ ಬರಬೇಕು ಅಂತ "ತಳ್ಳಿದ" ಅನ್ನುವಲ್ಲೇ ಕಿವಿಗೆ ಸುಳಿವು ಸಿಗುತ್ತದೆ. ಎರಡು ವಾಕ್ಯಕ್ಕೂ ಇರುವ ವ್ಯತ್ಯಾಸ ಒಂದು ಗುಡಿಸು. ಆದರೆ ಕನ್ನಡ ಒಳಗಿಳಿದ ಕಿವಿ ಹುಡುಗನ ವಾಕ್ಯದಲ್ಲಿ "ಗಾಡಿ" ಹತ್ತಿರ ತಡವರಿಸಬೇಕು, ಹುಡುಗಿಯ ವಾಕ್ಯದಲ್ಲಿ ಒಂದು ಪದ ಮುಂಚೆಯೇ, "ತಳ್ಳಿದ" ಹತ್ತಿರ.

ಇದನ್ನು ಅಳೆಯಲು ದೊಡ್ಡ ಯಂತ್ರ ಬೇಡ. ವಾಕ್ಯವನ್ನು ಪದ ಪದವಾಗಿ ಕತ್ತರಿಸಿ ಲ್ಯಾಪ್‌ಟಾಪಿಗೆ ಹಾಕುವುದು. ಮಗು ಗುಂಡಿ ಒತ್ತಿದರೆ ಒಂದು ಪದ ಕೇಳಿಸುತ್ತದೆ, ಮತ್ತೆ ಒತ್ತಿದರೆ ಮುಂದಿನದು. ಒಂದು ಒತ್ತಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತಾಯಿತು ಅಂತ ಲ್ಯಾಪ್‌ಟಾಪ್ ಬರೆದಿಟ್ಟುಕೊಳ್ಳುತ್ತದೆ. ತಲೆಯೊಳಗೆ ಕೆಲಸ ಜಾಸ್ತಿಯಾದ ಕಡೆ ಬೆರಳು ನಿಧಾನವಾಗುತ್ತದೆ. ಮಗುವಿಗೆ ಇದು ಆಟ. ರೆಕಾರ್ಡಿಂಗ್ ಮಾತ್ರ ನನಗೆ ಸಾಕಷ್ಟು ಕಾಡಿತು. ಸಹಜವಾಗಿ ಓದಿದರೆ ದನಿಯ ಏರಿಳಿತವೇ "ಇನ್ನೂ ಇದೆ" ಅಂತ ಗುಟ್ಟು ಬಿಟ್ಟುಕೊಡುತ್ತಿತ್ತು. ಕೊನೆಗೆ ಒಂದೇ "ತಳ್ಳಿದ" ತುಣುಕನ್ನು ಎರಡೂ ವಾಕ್ಯಕ್ಕೆ ಜೋಡಿಸಿದೆ. "ಬರೆದ", "ಕೊಟ್ಟ", "ತಂದ" ಹೀಗೆ ಬೇರೆ ಬೇರೆ ಕ್ರಿಯೆಗಳಲ್ಲೂ ಇಂಥವೇ ಜೋಡಿಗಳನ್ನು ಮಾಡಿದೆ.

ಹೋಲಿಸಿ ನೋಡಲು ಇನ್ನೊಂದು ಮಗು ಬೇಕಿತ್ತು. ಅದೇ ಕ್ಲಾಸಿನ, ಅದೇ ವಯಸ್ಸಿನ, ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಇಲ್ಲದ ಮಗು. ಮೈಸೂರಿನಲ್ಲಿ ಅಂಥ ಮಗುವನ್ನು ಹುಡುಕುವುದು ನಾವು ಅಂದುಕೊಂಡಷ್ಟು ಸುಲಭ ಅಲ್ಲ. ಒಬ್ಬರ ಮನೆಯಲ್ಲಿ ಅಜ್ಜಿ ತಮಿಳು, ಇನ್ನೊಬ್ಬರಲ್ಲಿ ಅಮ್ಮ ತೆಲುಗು, ಮತ್ತೊಬ್ಬರಲ್ಲಿ ಮರಾಠಿ. ಕೊನೆಗೆ ತಿ. ನರಸೀಪುರದ ಕಡೆಯಿಂದ ಬಂದು ನೆಲೆಸಿದ ಮನೆಯ ಹುಡುಗನೊಬ್ಬ ಸಿಕ್ಕಿದ. ಕ್ಲಾಸಿನಲ್ಲಿ ಮುಂದಿನ ಬೆಂಚಿನವನು. ಇಬ್ಬರ ಮನೆಯವರೂ ಒಪ್ಪಿದ ಮೇಲೆ ಮೂರು ಶನಿವಾರ ಮಧ್ಯಾಹ್ನ ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿದೆ.

ಹುಡುಗ ನಾನು ಎಣಿಸಿದ ಹಾಗೇ ಮಾಡಿದ. ಸಲೀಸಾಗಿ ಒತ್ತುತ್ತಾ ಹೋಗಿ, "ಹುಡುಗ ತಳ್ಳಿದ" ಆದ ಮೇಲೆ "ಗಾಡಿ" ಬಂದ ಕೂಡಲೇ ಒಂದು ಗಳಿಗೆ ನಿಲ್ಲುತ್ತಿದ್ದ. ಹುಡುಗಿಯ ವಾಕ್ಯದಲ್ಲಿ ಆ ನಿಲುಗಡೆ "ತಳ್ಳಿದ" ಹತ್ತಿರಕ್ಕೆ ಸರಿಯುತ್ತಿತ್ತು.

ಕಿಟಕಿ ಪಕ್ಕದ ಹುಡುಗಿ ಪ್ರತಿ ಪದಕ್ಕೂ ಅವನಿಗಿಂತ ನಿಧಾನ. ಒಟ್ಟು ಹೊತ್ತು ಮಾತ್ರ ನೋಡಿದ್ದರೆ ಟೀಚರ್ ಹೇಳಿದ್ದೇ ಸರಿ ಅನ್ನಬೇಕಿತ್ತು. ಆದರೆ ಪದ ಪದದ ಗೆರೆ ಎಳೆದು ಇಬ್ಬರದನ್ನೂ ಒಂದರ ಪಕ್ಕ ಒಂದು ಇಟ್ಟಾಗ ನನ್ನ ಎದೆ ಹಗುರಾಯಿತು. ಅವಳ ಗೆರೆ ಮೇಲೆ ಇತ್ತು, ಅವನದು ಕೆಳಗೆ. ಆದರೆ ಏರುಗಳು ಒಂದೇ ಜಾಗದಲ್ಲಿ. ಹುಡುಗನ ವಾಕ್ಯದಲ್ಲಿ ಅವಳೂ "ಗಾಡಿ" ಹತ್ತಿರವೇ ನಿಂತಿದ್ದಳು. ಅವಳ ನಿಲುಗಡೆ "ಮರಕ್ಕೆ" ಅನ್ನುವವರೆಗೂ ಚಾಚಿತ್ತು, ಅಷ್ಟೇ. ಹುಡುಗಿಯ ವಾಕ್ಯದಲ್ಲಿ ಅವಳೂ "ತಳ್ಳಿದ" ಹತ್ತಿರ. ಅಂದರೆ ತಳ್ಳಿದ, ತಳ್ಳಿದಳು ಎರಡರ ನಡುವಿನ ಕನ್ನಡದ ಸೂಕ್ಷ್ಮ ಅವಳ ಕಿವಿಗೆ ಇಳಿದಿತ್ತು. ಕನ್ನಡ ಅರ್ಥ ಆಗದ ಮಗುವಿನ ಬೆರಳು ಆ ಜಾಗದಲ್ಲಿ ನಿಲ್ಲುವುದಿಲ್ಲ. ನಿಲ್ಲಲು ಅದಕ್ಕೆ ಕಾರಣವೇ ಇರುವುದಿಲ್ಲ.

ಪ್ರತಿ ಪದಕ್ಕೂ ಯಾಕೆ ನಿಧಾನ? ದಿನಕ್ಕೆ ಇರುವುದು ಅಷ್ಟೇ ಗಂಟೆ. ಎರಡು ಭಾಷೆಯ ಮಗು ಆ ಗಂಟೆಗಳನ್ನು ಎರಡಕ್ಕೂ ಹಂಚುತ್ತದೆ. ಹಾಗಾಗಿ ಒಂದೊಂದು ಪದವನ್ನೂ ಒಂದೇ ಭಾಷೆಯ ಮಗುವಿಗಿಂತ ಕಡಿಮೆ ಸಲ ಕೇಳಿರುತ್ತದೆ, ಕಡಿಮೆ ಸಲ ಆಡಿರುತ್ತದೆ. ಬಳಕೆ ಕಡಿಮೆಯಾದ ಪದ ತಲೆಯಿಂದ ಮೇಲೆ ಬರಲು ತುಸು ಹೊತ್ತು ಹಿಡಿಯುತ್ತದೆ. ಅದು ರೋಗ ಅಲ್ಲ.

ಎರಡನೇ ಶನಿವಾರ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ಅವಳಿಗೆ ಗುಂಡಿ ಒತ್ತುತ್ತಾ ಪದಗಳನ್ನು ಮೆಲ್ಲಗೆ ತನಗೇ ಹೇಳಿಕೊಳ್ಳುವ ಅಭ್ಯಾಸ. ನಾನು ತಡೆಯಲಿಲ್ಲ. "ಹುಡುಗ... ತಳ್ಳಿದ... ಗಾಡಿ..." ಅಂದಳು. ನಿಂತಳು. ಆಮೇಲೆ ಮುಖ ಅರಳಿಸಿಕೊಂಡು, "ಹಾಂ, ತಳ್ಳಿದ ಸೋ ಗಾಡಿ" ಅಂದಳು.

ಸೋ! ಉದಯಗಿರಿಯಲ್ಲೋ ಮಂಡಿ ಮೊಹಲ್ಲಾದಲ್ಲೋ ಓಡಾಡಿದವರಿಗೆ ಈ ಸೋ ಗೊತ್ತಿರುತ್ತದೆ. "ತೂ ದಿಯಾ ಸೋ ಕಿತಾಬ್" ಅಂದರೆ ನೀನು ಕೊಟ್ಟ ಪುಸ್ತಕ. "ಮೈ ಬೋಲ್ಯಾ ಸೋ ಬಾತ್" ಅಂದರೆ ನಾನು ಹೇಳಿದ ಮಾತು. ಉತ್ತರದ ಉರ್ದುವಿನಲ್ಲಿ ಇದನ್ನು ಸಾಮಾನ್ಯವಾಗಿ "ಜೋ" ಹಾಕಿ ಬೇರೆ ಥರ ಕಟ್ಟುತ್ತಾರೆ. ದಖ್ಖನಿ ನೂರಾರು ವರ್ಷ ಕನ್ನಡ, ತೆಲುಗುಗಳ ಜೊತೆ ಬಾಳಿ, ನಮ್ಮ ಹಾಗೆಯೇ ವಿವರಣೆಯನ್ನು ಹೆಸರಿನ ಮುಂದೆ ಇಡುವುದನ್ನು ಕಲಿತಿದೆ. "ಅಂತ ಹೇಳಿದ" ಅನ್ನುವಲ್ಲಿನ ನಮ್ಮ "ಅಂತ" ಕೂಡ ಅಲ್ಲಿ "ಬೋಲ್ಕೆ" ಆಗಿ ಕೂತಿದೆ. ಅಂದರೆ ಇಂಥ ವಾಕ್ಯಗಳಲ್ಲಿ ಈ ಮಗುವಿನ ಎರಡು ಭಾಷೆಗಳ ಕಟ್ಟಡ ಒಂದೇ ನಕ್ಷೆಯದು. ಒಂದೇ ಒಂದು ವ್ಯತ್ಯಾಸ. ದಖ್ಖನಿಯಲ್ಲಿ ಕ್ರಿಯೆ ಆದ ಮೇಲೆ "ಸೋ" ಅಂತ ಒಂದು ಗಂಟೆ ಬಾರಿಸುತ್ತದೆ: ನಿಲ್ಲು, ಇದು ಮುಗಿದಿಲ್ಲ, ಹೆಸರು ಬರುತ್ತಿದೆ. ಕನ್ನಡದಲ್ಲಿ ಆ ಗಂಟೆ ಇಲ್ಲ. ಹುಡುಗಿ ಅದನ್ನು ತಾನೇ ಬಾರಿಸಿಕೊಂಡು ವಾಕ್ಯವನ್ನು ದಾಟಿದಳು. ಮನೆಮಾತು ಅವಳನ್ನು ಹಿಂದಕ್ಕೆ ಎಳೆಯುತ್ತಿರಲಿಲ್ಲ, ಕೈ ಹಿಡಿದು ದಾಟಿಸುತ್ತಿತ್ತು. ಅವಳ ಅಮ್ಮನಿಗೆ ಬಿಡಬೇಡಿ ಅಂದದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಬೇಕಿರಲಿಲ್ಲ.

ಹಾಗಾದರೆ ಚಿತ್ರದಲ್ಲಿ ಯಾಕೆ ತಪ್ಪಾಯಿತು? ಅದಕ್ಕೂ ಉತ್ತರ ಗೆರೆಯಲ್ಲೇ ಇತ್ತು. ಗುಂಡಿ ಒತ್ತುವ ಆಟದಲ್ಲಿ "ಹುಡುಗಿಯನ್ನ ತಳ್ಳಿದ ಹುಡುಗ" ಅಂತ ಬಂದಾಗ ಕನ್ನಡದ ಹುಡುಗನಿಗೆ "ಯನ್ನ" ಕೇಳಿದ ಕೂಡಲೇ ಪಾತ್ರ ಗೊತ್ತಾಗುತ್ತಿತ್ತು: ತಳ್ಳಿಸಿಕೊಂಡವಳು ಹುಡುಗಿ. ಮುಂದಿನ "ತಳ್ಳಿದ" ಅವನಿಗೆ ನೀರು ಕುಡಿದಷ್ಟು ಸುಲಭ. ನಮ್ಮ ಹುಡುಗಿಗೆ "ಹುಡುಗಿ" ಇದ್ದರೂ "ಹುಡುಗಿಯನ್ನ" ಇದ್ದರೂ "ತಳ್ಳಿದ" ಹತ್ತಿರ ಒಂದೇ ಥರದ ನಿಲುಗಡೆ. "ಯನ್ನ" ಅವಳಿಗೆ ಏನನ್ನೂ ಹೇಳುತ್ತಿರಲಿಲ್ಲ. ಕೊನೆಗೆ ಬಂದ ಹೆಸರನ್ನೇ ಕೆಲಸ ಮಾಡಿದವನು ಅಂತ ಹಿಡಿದುಬಿಡುತ್ತಿದ್ದಳು. ಹುಡುಗಿಯನ್ನ ತಳ್ಳಿದ ಹುಡುಗ ಸರಿಯಾಗಿದ್ದೂ ಅದರಿಂದಲೇ, ಹುಡುಗಿ ತಳ್ಳಿದ ಹುಡುಗ ತಪ್ಪಾಗಿದ್ದೂ ಅದರಿಂದಲೇ.

ಆಗ ನನಗೆ ಅವಳ ಮಾತು ನೆನಪಾಯಿತು. "ಮಿಸ್, ನಾನು ಬಸ್ಸಲ್ಲಿ ನಿಮಗೆ ನೋಡಿದೆ" ಅಂದಿದ್ದಳು ಒಮ್ಮೆ. ಉರ್ದುವಿನಲ್ಲಿ "ಕೋ" ಎರಡೂ ಕೆಲಸ ಮಾಡುತ್ತದೆ, ನಮ್ಮ "ಗೆ" ಕೂಡ ಅದೇ, "ಅನ್ನ" ಕೂಡ ಅದೇ. ಹಾಗಾಗಿ ಅವಳು ಎರಡರ ಜಾಗಕ್ಕೂ "ಗೆ" ಹಾಕಿಕೊಂಡು ಆರಾಮವಾಗಿದ್ದಳು. "ಅನ್ನ" ಅವಳ ಲೆಕ್ಕದಲ್ಲಿ ಇನ್ನೂ ಒಂದು ಬಾಲ, ಅರ್ಥ ಇಲ್ಲದ್ದು. ಕೊರತೆ ಅಲ್ಲಿತ್ತು. ಒಂದು ಪ್ರತ್ಯಯದಲ್ಲಿ.

ಇನ್ನೂ ಒಂದು ಕಡೆ ನೋಡದೆ ತೀರ್ಮಾನ ಮಾಡುವ ಹಾಗಿರಲಿಲ್ಲ. ಭಾಷೆ ಬೆಳೆಯುವುದರಲ್ಲೇ ತೊಂದರೆ ಇರುವ ಮಕ್ಕಳು ನಿಜವಾಗಿಯೂ ಇದ್ದಾರೆ. ಇಂಗ್ಲೆಂಡಿನಲ್ಲಿ 2016ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದರಲ್ಲಿ, ಬೇರೆ ಯಾವ ಕಾಯಿಲೆಯೂ ಇಲ್ಲದೆ ಇಂಥ ತೊಂದರೆ ಇರುವವರು 100ಕ್ಕೆ ಸುಮಾರು 7 ಮಕ್ಕಳು. "ಎರಡು ಭಾಷೆ ಅಲ್ವಾ, ಸರಿಹೋಗುತ್ತೆ ಬಿಡಿ" ಅಂತ ಅಂಥ ಮಗುವನ್ನು ವಾಪಸ್ ಕಳಿಸುವುದು ಕೂಡ ಅಷ್ಟೇ ದೊಡ್ಡ ಅನ್ಯಾಯ. ಅಂಥ ತೊಂದರೆ ಇದ್ದರೆ ಅದು ಒಂದು ಭಾಷೆಯಲ್ಲಿ ಅಡಗಿ ಕೂರುವುದಿಲ್ಲ, ಮಗುವಿನ ಎರಡೂ ಭಾಷೆಯಲ್ಲಿ ಕಾಣುತ್ತದೆ. 2013ರಲ್ಲಿ ಇಂಗ್ಲೆಂಡಿನಲ್ಲಿ ಮರಿನಿಸ್ ಮತ್ತು ಸ್ಯಾಡಿ ಅನ್ನುವವರು ಇದೇ ಗುಂಡಿ ಒತ್ತುವ ಆಟದಲ್ಲಿ ಚಿತ್ರವನ್ನೂ ಸೇರಿಸಿ ನೋಡಿದ್ದರು. ಭಾಷೆಯ ತೊಂದರೆ ಇರುವ ಮಕ್ಕಳು ಯಾರು ಏನು ಮಾಡಿದರು ಅಂತ ತಿದ್ದಿಕೊಳ್ಳಬೇಕಾದಾಗ ಸುಲಭ ವಾಕ್ಯದಲ್ಲೂ ಎಡವಿದರು. ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಯುತ್ತಿದ್ದ ಮಕ್ಕಳು ಎಡವಿದ್ದು ಕಷ್ಟದ ವಾಕ್ಯದಲ್ಲಿ ಮಾತ್ರ, ಅಂದರೆ ಕರ್ಮಣಿಯಲ್ಲಿ. ನಮ್ಮ ಹುಡುಗಿ ಯಾವ ಸಾಲಿನವಳು ಅಂತ ಗೊತ್ತಾಗಬೇಕಾದರೆ ಅವಳ ದಖ್ಖನಿ ಕೇಳಬೇಕಿತ್ತು.

ಮೂರನೇ ಶನಿವಾರ ಅವಳ ನಾನಿಯನ್ನು ಕರೆದುಕೊಂಡು ಬರಲು ಹೇಳಿದೆ. ನಾನಿ ಬಕ್ರೀದಿಗೆ ತಂದ ಮೇಕೆ ತಪ್ಪಿಸಿಕೊಂಡು ಓಡಿದ ಕತೆ ಹೇಳಿದರು. ಕೇಳಿದ ಮೇಲೆ ಮೊಮ್ಮಗಳು ಅದನ್ನೇ ವಾಪಸ್ ಹೇಳಬೇಕು. ನನಗೆ ಬರುವ ದಖ್ಖನಿ ಅಷ್ಟಕ್ಕಷ್ಟೆ, ಆದರೂ ಕೇಳುತ್ತಾ ಕೂತುಬಿಟ್ಟೆ. "ಖಾಲು ಲಾಯೇ ಸೋ ಬಕ್ರಾ ಭಾಗ್ ಗಯಾ" ಅಂತ ಶುರುಮಾಡಿದಳು, ಅಂದರೆ ಚಿಕ್ಕಪ್ಪ ತಂದ ಮೇಕೆ ಓಡಿಹೋಯಿತು. "ಮಿಲ್ ಗಯಾ ಬೋಲ್ಕೆ ಅಬ್ಬಾ ಬೋಲೇ" ಅಂದಳು, ಅಂದರೆ ಸಿಕ್ಕಿತು ಅಂತ ಅಪ್ಪ ಹೇಳಿದರು. ಒಂದರೊಳಗೆ ಒಂದು ವಾಕ್ಯ ಸೇರಿಸಿ ಕತೆಯನ್ನು ಕೊನೆಯವರೆಗೂ ಎಳೆದಳು. ನಾನಿ ಬಿಟ್ಟ ಒಂದು ವಿವರವನ್ನು ತಾನೇ ಸೇರಿಸಿದಳು. ತೊಂದರೆ ಇರುವ ಮಗು ಹೀಗೆ ಕತೆ ಹೇಳುವುದಿಲ್ಲ.

ವರದಿಯಲ್ಲಿ ಹೀಗೆ ಬರೆದೆ: ಭಾಷಾ ತೊಂದರೆ ಇಲ್ಲ. ಕನ್ನಡ ಎರಡನೇ ಭಾಷೆಯಾಗಿ ಬೆಳೆಯುತ್ತಿದೆ, ಸರಿಯಾದ ದಾರಿಯಲ್ಲೇ ಇದೆ. "ಅನ್ನು" ಪ್ರತ್ಯಯದ ಮೇಲೆ ಕೆಲಸ ಆಗಬೇಕು. ಮನೆಮಾತು ಮುಂದುವರಿಯಲಿ.

ಬರೀ ಕಾಗದ ಕಳಿಸಿದರೆ ಸಾಲದು ಅಂತ ಲ್ಯಾಪ್‌ಟಾಪ್ ತೆಗೆದುಕೊಂಡು ನಾನೇ ಶಾಲೆಗೆ ಹೋದೆ. ಟೀಚರ್ ಒಳ್ಳೆಯವರು. ನಲವತ್ತು ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುತ್ತಾರೆ. "ನೀವೂ ಒಂದ್ಸಲ ಒತ್ತಿ ನೋಡಿ ಮೇಡಮ್" ಅಂದೆ. "ಹುಡುಗ... ಕೊಟ್ಟ... ಪುಸ್ತಕ" ಹತ್ತಿರ ಅವರ ಬೆರಳೂ ನಿಂತಿತು. "ಅಯ್ಯೋ, ನಾನೂ ಇಲ್ಲೇ ನಿಂತೆನಲ್ಲ!" ಅಂದರು. ಆಮೇಲೆ ಕ್ಲಾಸಿನಲ್ಲಿ ಅವತ್ತು ತಾವು ಹೇಳಿದ ವಾಕ್ಯವನ್ನು ಒಮ್ಮೆ ಜೋರಾಗಿ ಹೇಳಿ ನೋಡಿಕೊಂಡರು. ಮಾಡದೆ ಬಂದವರು, ಅವರ ಹೆಸರು, ಆ ಹೆಸರು ಬರೆದುಕೊಂಡವಳು. ಮೂರು ಮಡಿಕೆ. ಮುಂದಿನ ಬೆಂಚಿನ ಹುಡುಗನಿಗೂ ಇಂಥ ಮಡಿಕೆಗಳಲ್ಲಿ ಅರ್ಧಕ್ಕರ್ಧ ತಪ್ಪಾಗಿತ್ತು ಅಂತ ಹೇಳಿದೆ. ಅವನು ಅವತ್ತು ಏಳಲಿಲ್ಲ, ಯಾಕೆಂದರೆ ಅವನಿಗೆ ಎದ್ದೇಳುವ ಕಾರಣ ಇರಲಿಲ್ಲ.

ಮುಂದೆ ಮಾಡಿದ್ದು ಸಣ್ಣ ಕೆಲಸಗಳು. ಟೀಚರ್ ಸೂಚನೆಗಳನ್ನು ಎರಡಾಗಿ ಒಡೆದು ಹೇಳತೊಡಗಿದರು: "ಯಾರೋ ಹೋಮ್‌ವರ್ಕ್ ಮಾಡಿಲ್ಲ. ಅವರ ಹೆಸರು ಯಾರು ಬರ್ಕೊಂಡ್ರಿ?" ಪ್ರಶ್ನೆ ಕೇಳಿದ ಮೇಲೆ ಅವಳಿಗೆ ಒಂದು ಉಸಿರು ಎಳೆದುಕೊಳ್ಳುವಷ್ಟು ಸಮಯ ಕೊಡುತ್ತಿದ್ದರು. ನಾನು ಗೊಂಬೆಗಳನ್ನು ಇಟ್ಟು "ಬೆಕ್ಕು ಓಡಿಸಿದ ನಾಯಿ", "ಬೆಕ್ಕನ್ನ ಓಡಿಸಿದ ನಾಯಿ" ಆಟ ಆಡಿಸಿದೆ. ಒಂದರಲ್ಲಿ ಬೆಕ್ಕು ಅಟ್ಟಿಸಿಕೊಂಡು ಹೋಗಬೇಕು, ಇನ್ನೊಂದರಲ್ಲಿ ನಾಯಿ. ತಪ್ಪಾದರೆ ಗೊಂಬೆ ಕೆಳಗೆ ಬೀಳುತ್ತದೆ. ಮನೆಯಲ್ಲಿ ನಾನಿ ಕತೆ ಹೇಳುವುದನ್ನು ನಿಲ್ಲಿಸಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಮತ್ತೆ ಗುಂಡಿ ಒತ್ತಿಸಿದೆ. ಈಗಲೂ ಅವನಿಗಿಂತ ನಿಧಾನ. ಆದರೆ "ಬೆಕ್ಕನ್ನ" ಆದ ಮೇಲಿನ "ಓಡಿಸಿದ" ಹತ್ತಿರದ ನಿಲುಗಡೆ ಹೆಚ್ಚುಕಡಿಮೆ ಕರಗಿತ್ತು. "ಅನ್ನ" ಅವಳ ಕಿವಿಗೆ ಕೆಲಸ ಮಾಡಲು ಶುರುಮಾಡಿತ್ತು. ಬಾಯಿಗೆ ಇನ್ನೂ ಬಂದಿರಲಿಲ್ಲ.

ಅವತ್ತು ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಳು: "ಮಿಸ್, ನೀವು ಕೊಟ್ಟ ಪೆನ್ಸಿಲ್ ತಗೊಂಡ ಹುಡುಗನಿಗೆ ನಾನು ನೋಡಿದೆ. ಅವನು ಮುಂದಿನ ಬೆಂಚಲ್ಲಿದಾನೆ."

ಒಂದರೊಳಗೆ ಒಂದು, ಎರಡು ಮಡಿಕೆ, ಎಲ್ಲೂ ತಡವರಿಸದೆ. ನಾನು ತಿದ್ದಲಿಲ್ಲ. ಆ "ಹುಡುಗನಿಗೆ" ಅನ್ನುವುದನ್ನು ಮುಂದಿನ ಭೇಟಿಗೆ ಅಂತ ಡೈರಿಯಲ್ಲಿ ಬರೆದಿಟ್ಟುಕೊಂಡೆ.